ಕಳಕಮ್ಮನ ಪಡಸಾಲೆಯ ಹೊಲಿಗೆ ಮಿಷನ್ನು

ಕಳಕಮ್ಮನ ಪಡಸಾಲೆಯ ಮೂಲೆಯಲ್ಲಿ ಹಳೇ ಸೀರೆ ಹೊದ್ದುಕೊಂಡು ಒಂದು ಹೊಲಿಗೆ ಮಿಷನ್ನು ನಿಂತಿದೆ. ಅದು ಕಳಕಮ್ಮನದಲ್ಲ. ಆಕೆಗೆ ಹೊಲಿಯಲು ಬರುವುದೂ ಇಲ್ಲ. ತಾವರಗೇರಾದಲ್ಲಿ ಆಕೆ ಹೆಸರಾಗಿರುವುದು ಜೋಳದ ರೊಟ್ಟಿಗೆ. ಬಸ್ ನಿಲ್ದಾಣದ ಬದಿಯ ಖಾನಾವಳಿಗಳಿಗೆ ದಿನಾ ಇನ್ನೂರು ರೊಟ್ಟಿ ಬಡಿದು ಕೊಡುವ ಕೈ ಅದು. ಗಂಡ ಸತ್ತ ಮೇಲೆ ಆ ಕೈಯೇ ಮಗಳು ಶಿವಲೀಲಾಳನ್ನು ಓದಿಸಿತು, ಮದುವೆ ಮಾಡಿ ಯಲಬುರ್ಗಾಕ್ಕೆ ಕಳಿಸಿತು.

ಮಿಷನ್ನು ಗೋಡೆಯಾಚೆ ಮನೆಯಲ್ಲಿದ್ದ ಗುಲ್ಶನಳದು. ಅದು ಈ ಮೂಲೆ ಸೇರಿ ವರ್ಷವಾಗುತ್ತ ಬಂತು.

ಓಣಿಯ ಹತ್ತು ಹೆಂಗಸರು ಸೇರಿ ಒಂದು ಫೈನಾನ್ಸಿನಿಂದ ಸಂಘದ ಸಾಲ ಎತ್ತಿದ್ದರು. ಕಳಕಮ್ಮನ ಅಂಗಳವೇ ಸೆಂಟರ್, ಕಳಕಮ್ಮನೇ ಲೀಡರ್. ಪ್ರತಿ ಮಂಗಳವಾರ ಹತ್ತು ಗಂಟೆಗೆ ಜಮಖಾನ ಹಾಸಬೇಕು, ಹತ್ತೂ ಮಂದಿ ಸಾಲಾಗಿ ಕೂರಬೇಕು, ಕಂತು ತಪ್ಪಿಸುವುದಿಲ್ಲವೆಂದು ಕೈ ಚಾಚಿ ಪ್ರತಿಜ್ಞೆ ಹೇಳಬೇಕು. ವಸೂಲಿಗೆ ಬರುತ್ತಿದ್ದ ಪ್ರಭುರಾಜ ಇಸ್ತ್ರಿ ಅಂಗಿಯ ನಗುಮುಖದ ಆಸಾಮಿ. ಕಳಕಮ್ಮನನ್ನು ಅವನು ‘ಲೀಡರಮ್ಮಾರ’ ಎಂದೇ ಕರೆಯುತ್ತಿದ್ದ. ಊರಲ್ಲಿ ಯಾರೂ ಬಹುವಚನ ಕೊಡದ ರೊಟ್ಟಿಯವಳಿಗೆ ಅಷ್ಟೇ ಸಾಕಾಯಿತು. ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದಳು.

ಅವನು ಹೇಳಿದ್ದರಲ್ಲಿ ಒಂದು ಹೀಗಿತ್ತು: ಒಬ್ಬಳು ಕಂತು ಕಟ್ಟದಿದ್ದರೆ ಉಳಿದ ಒಂಬತ್ತು ಮಂದಿ ಮನೆಗೆ ಹೋಗುವಂತಿಲ್ಲ. ಆಕೆಯ ಮನೆಯ ಕಟ್ಟೆಯ ಮೇಲೆ ಹೋಗಿ ಕೂರಬೇಕು, ರೊಕ್ಕ ಬರುವವರೆಗೆ ಏಳಬಾರದು. ಇದು ಕಾನೂನು ಎಂದ. ಇವರೂ ಕಾನೂನೆಂದೇ ನಂಬಿದರು. ಓದಿದ ಮನುಷ್ಯ ಪುಸ್ತಕ ಹಿಡಿದು ಹೇಳಿದರೆ ಯಾರು ತಾನೇ ಎದುರಾಡುತ್ತಾರೆ?

ಗುಲ್ಶನಳ ಗಂಡ ಅಸ್ಲಮನಿಗೆ ಕಿಡ್ನಿ ಕೈಕೊಟ್ಟು ವೆಲ್ಡಿಂಗ್ ಅಂಗಡಿ ಮುಚ್ಚಿತ್ತು. ವಾರಕ್ಕೆರಡು ಸಲ ಕೊಪ್ಪಳಕ್ಕೆ ಡಯಾಲಿಸಿಸ್. ಓಣಿಯ ಕುಪ್ಪಸಗಳನ್ನೆಲ್ಲ ಹೊಲಿಯುತ್ತಿದ್ದವಳು ಗುಲ್ಶನಳೇ. ಶಿವಲೀಲಾಳ ಮದುವೆಯ ಕುಪ್ಪಸಗಳಿಗೆ ಒಂದು ಪೈಸೆ ಮುಟ್ಟಿರಲಿಲ್ಲ. ಆಕೆ ಮೂರು ವಾರ ಕಂತು ತಪ್ಪಿಸಿದಾಗ ಒಂಬತ್ತು ಹೆಂಗಸರು ಹೋಗಿ ಆಕೆಯ ಕಟ್ಟೆಯ ಮೇಲೆ ಕೂತರು.

ಹತ್ತಕ್ಕೆ ಕೂತವರು ಮೂರಾದರೂ ಕೂತೇ ಇದ್ದರು. ಬಿಸಿಲು ಕಟ್ಟೆ ಹತ್ತಿತು. ಗುಲ್ಶನ ಒಳಗಿಂದ ಒಂದು ಕೊಡ ನೀರು ತಂದಿಟ್ಟು, ಒಬ್ಬೊಬ್ಬರಿಗೇ ಲೋಟದಲ್ಲಿ ತುಂಬಿ ಕೊಟ್ಟಳು. ಎಲ್ಲರೂ ಕುಡಿದರು. ಕುಡಿದು, ಬಾಯೊರೆಸಿಕೊಂಡು, ಮತ್ತೆ ಬೈಯತೊಡಗಿದರು. ಒಳಗೆ ಮಂಚದ ಮೇಲಿದ್ದ ಅಸ್ಲಮನಿಗೆ ಒಂದೊಂದು ಮಾತೂ ಕೇಳುತ್ತಿತ್ತು.

ಪ್ರಭುರಾಜ ಬೇವಿನ ನೆರಳಲ್ಲಿ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. “ನಾ ಏನೂ ಅನ್ನೂದಿಲ್ರಿ. ನಿಮ್ಮ ನಿಮ್ಮೊಳಗ ಬಗಿಹರಿಸಿಕೋರಿ. ಆದ್ರ ಇವತ್ತ ರೊಕ್ಕ ಬರಲಿಲ್ಲಂದ್ರ ಮುಂದಿನ ಸಾಲ ಯಾರಿಗೂ ಇಲ್ಲ.”

ಖಾನಾವಳಿಯವರು ಎರಡು ಸಲ ಫೋನು ಮಾಡಿ ರೇಗಿದ್ದರು. ಕಳಕಮ್ಮನ ತಾಳ್ಮೆ ತಪ್ಪಿತು. ಎದ್ದವಳೇ ಹೊಸ್ತಿಲು ದಾಟಿ ಒಳಗೆ ಹೋದಳು.

“ಮಿಷನ್ ಕೊಡು. ಕಂತು ಕಟ್ಟಿ ಬಿಡಿಸಿಕೊ,” ಎಂದಳು.

ಗುಲ್ಶನ ತಡೆಯಲಿಲ್ಲ. ಸೂಜಿಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿದು, ಅರ್ಧ ಹೊಲಿದ ಲಂಗವನ್ನು ತೆಗೆದುಕೊಂಡು ಪಕ್ಕಕ್ಕೆ ಸರಿದಳು. ಕಳಕಮ್ಮ ಒಂದು ಕಡೆ, ಸಂಘದ ಹಿರಿಯಳು ಮುದಕಮ್ಮ ಇನ್ನೊಂದು ಕಡೆ ಹಿಡಿದು ಮಿಷನ್ನನ್ನು ಎತ್ತಿ ತಂದರು. ಹೊಲಿಯುವವಳ ಮಿಷನ್ ಕಿತ್ತುಕೊಂಡು ಕಂತು ಕಟ್ಟು ಎಂದರೆ ಆಕೆ ಎಲ್ಲಿಂದ ಕಟ್ಟುತ್ತಾಳೆ ಎನ್ನುವಷ್ಟು ಬುದ್ಧಿ ಅವತ್ತು ಒಬ್ಬರಿಗೂ ಇರಲಿಲ್ಲ. ಎರಡು ವಾರದಲ್ಲಿ ಗುಲ್ಶನಳ ಬಾಗಿಲಿಗೆ ಬೀಗ ಬಿತ್ತು. ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯಲಿಲ್ಲ.

ಆಮೇಲೆ ಮಳೆಗಾಲದಲ್ಲಿ ಕಳಕಮ್ಮ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಎಡಗೈಯಲ್ಲಿ ಜಮಖಾನ ಹಾಸಬಹುದು, ರೊಟ್ಟಿ ಬಡಿಯಲಾಗದು. ಎರಡು ಮಂಗಳವಾರ ಕಂತು ತಪ್ಪಿತು.

ಮರುದಿನ ಬೆಳಿಗ್ಗೆ ಏಳೂವರೆಗೇ ಪ್ರಭುರಾಜ ಬಂದ. ಜೊತೆಗೆ ಯಾರೂ ಕಂಡರಿಯದ ಇಬ್ಬರು ಗಂಡಸರು. ಒಬ್ಬ ಬೂಟು ಹಾಕಿಕೊಂಡೇ ಒಳಗೆ ಬಂದು ಮಂಚದ ಮೇಲೆ ಕೂತ. ಲೀಡರಮ್ಮಾರ ಎಂಬ ಮಾತು ಎಲ್ಲಿ ಹೋಯಿತೋ!

“ಏ ಕಳಕಮ್ಮ, ಮಗಳ ಮನಿ ಯಲಬುರ್ಗಾದಾಗ ಐತಿ ಅಲ್ಲಾ? ಬೀಗರ ಮನಿ ಮುಂದ ಹೋಗಿ ಕುಂದರತೀವಿ ನೋಡು.”

“ಬ್ಯಾಡ್ರಿ ಸರ, ನಿಮ್ಮ ಕಾಲ ಬೀಳತೀನಿ. ಕೈ ನೆಟ್ಟಗಾಗಲಿ, ಒಂದ ಕಂತೂ ಬಿಡಂಗಿಲ್ಲ.”

ಮಂಚದ ಮೇಲಿದ್ದವನು ನಕ್ಕ. “ಕಟ್ಟಾಕ ಆಗದಿದ್ರ ಸತ್ತ ಬಿಡು. ಸತ್ತರ ಸಾಲದ ಇನ್ಶುರೆನ್ಸಿನಾಗ ಎಲ್ಲಾ ಜಮಾ ಆಕ್ಕೈತಿ.”

ಅವರು ಹೋದ ಮೇಲೆ ಕಳಕಮ್ಮ ಒಲೆಯ ಮುಂದೆ ಕೂತು ಆ ಮಾತನ್ನು ನಿಜವಾಗಿಯೂ ತೂಗಿ ನೋಡಿದಳು. ತಾನು ಹೋದರೆ ಮಗಳ ಮರ್ಯಾದೆ ಉಳಿಯುತ್ತದಲ್ಲ ಎನಿಸಿತು. ಅಂಥ ಹೊತ್ತಿನಲ್ಲಿ ಆಕೆಯನ್ನು ಉಳಿಸಿದ್ದು ಧೈರ್ಯವಲ್ಲ. ಆ ದಿನ ಪ್ಲಾಸ್ಟರ್ ತೋರಿಸಲು ಕೊಪ್ಪಳಕ್ಕೆ ಬರಹೇಳಿದ್ದರು, ಅಷ್ಟೇ.

ದೊಡ್ಡಾಸ್ಪತ್ರೆಯ ಓಣಿಯಂಥ ಉದ್ದ ವರಾಂಡದಲ್ಲಿ ಉಚಿತ ಕಾನೂನು ಸಲಹೆ ಎಂದು ಬೋರ್ಡು ತಗುಲಿಸಿ, ಐಶ್ವರ್ಯ ಎಂಬ ವಕೀಲೆ ಮೇಜು ಹಾಕಿಕೊಂಡು ಕೂತಿದ್ದಳು. ಚೀಟಿ ಮಾಡಿಸುವ ಮೇಜು ಇದೇ ಇರಬೇಕೆಂದುಕೊಂಡು ಕಳಕಮ್ಮ ಅಲ್ಲಿ ನಿಂತಳು. ಏನಾಯಿತು ಅವ್ವಾರ ಎಂದು ಕೇಳಿದ್ದೇ ತಡ, ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು.

“ಸಾಲ ಅಂತೂ ಕಟ್ಟೂದ ಅವ್ವಾರ, ಅದು ಹೋಗಂಗಿಲ್ಲ,” ಎಂದಳು ಐಶ್ವರ್ಯ. “ಆದ್ರ ಮುಂಜಾನಿ ಒಂಬತ್ತರೊಳಗ ಬರಂಗಿಲ್ಲ, ಸಂಜಿ ಆರರ ಮ್ಯಾಲೆ ಬರಂಗಿಲ್ಲ. ಬೈಯಂಗಿಲ್ಲ, ಹೆದರಸಂಗಿಲ್ಲ, ಬೀಗರ ಮನಿಗೆ ಹೋಗಿ ಮಾನ ತಗಿಯಂಗಿಲ್ಲ. ಹಂಗ ಮಾಡಿದ್ರ ಪೊಲೀಸ್ ಕೇಸ್ ಆಕ್ಕೈತಿ, ರಾಜ್ಯದಾಗ ಹೊಸ ಕಾನೂನ ಬಂದೈತಿ. ಮಂದೀನ್ನ ಕಟ್ಟಿ ಮ್ಯಾಲೆ ಕುಂದ್ರಸೂದೂ ಕಿರುಕುಳನ.”

ಕಳಕಮ್ಮನ ಅಳು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: “ಮನ್ಯಾಗಿಂದ ಹೊಲಿಗಿ ಮಿಷನ್ ಒಯ್ಯಬೋದೇನ್ರಿ?”

“ಮುಟ್ಟಂಗಿಲ್ಲ. ಈ ಸಾಲಕ್ಕ ಯಾವ ಸಾಮಾನೂ ಒತ್ತಿ ಇಟ್ಟಿರೂದಿಲ್ಲ. ನಿಮ್ಮ ಮಿಷನ್ ಒಯ್ದಾರೇನ?”

“ಹ್ಞೂಂ ರಿ,” ಎಂದಳು ಕಳಕಮ್ಮ. ಒಯ್ದವಳು ನಾನೇ ಎನ್ನಲು ಬಾಯಿ ಬರಲಿಲ್ಲ.

ಐಶ್ವರ್ಯ ಅರ್ಜಿ ಬರೆದುಕೊಟ್ಟಳು. ಕಳಕಮ್ಮ ಅದನ್ನು ಠಾಣೆಗೆ ಕೊಟ್ಟು, ಸಹಿ ಶಿಕ್ಕಾ ಬಿದ್ದ ಪ್ರತಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ಮುಂದಿನ ಬುಧವಾರ ಮತ್ತೆ ಏಳೂವರೆಗೆ ಮೂವರೂ ಬಂದರು. ಕಳಕಮ್ಮ ಬಾಗಿಲಲ್ಲೇ ನಿಂತು ಆ ಹಾಳೆ ಚಾಚಿದಳು.

“ಒಂಬತ್ತಾಗಿಲ್ರಿ ಸರ ಇನ್ನಾ. ದೂರು ಕೊಟ್ಟೀನಿ, ನೋಡ್ರಿ. ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಮಂಗಳವಾರ ಅಂಗಳದಾಗ ಕಟ್ಟತೀನಿ. ಮಗಳ ಮನಿ ಕಡೆ ಹೋದ್ರ ನಾ ಮತ್ತ ಠಾಣೆಗೆ ಹೋಗಾಕಿ.”

ಪ್ರಭುರಾಜ ಹಾಳೆಯನ್ನು ಎರಡು ಸಲ ಓದಿದ. ಉಳಿದಿಬ್ಬರಿಗೆ ಕಣ್ಸನ್ನೆ ಮಾಡಿದ. ಬೈಕುಗಳು ತಿರುಗಿದವು. ಐದೇ ನಿಮಿಷ! ಓಣಿಯ ಹೆಂಗಸರು ಬಂದು ಭುಜ ತಟ್ಟಿದರೂ ಕಳಕಮ್ಮನಿಗೆ ಸಂತೋಷವಾಗಲಿಲ್ಲ. ಐದು ನಿಮಿಷದ ಕೆಲಸವಾಗಿತ್ತು ಅದು. ಅವತ್ತು ಗುಲ್ಶನಳ ಬಾಗಿಲಲ್ಲಿ ಒಂಬತ್ತು ಮಂದಿಯಲ್ಲಿ ಒಬ್ಬಳು ಹೀಗೆ ನಿಂತಿದ್ದರೆ ಆಗುತ್ತಿತ್ತು.

ಗುಲ್ಶನ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕಸ ಗುಡಿಸುತ್ತಿದ್ದಾಳೆಂಬ ಸುದ್ದಿ ಮುದಕಮ್ಮನಿಂದ ಬಂತು. ಕೈ ನೆಟ್ಟಗಾಗಿ ರೊಟ್ಟಿ ಶುರುವಾದ ಮೇಲೆ ಕಳಕಮ್ಮ ಬಾಡಿಗೆ ಲಗೇಜ್ ಗಾಡಿಯಲ್ಲಿ ಮಿಷನ್ ಹಾಕಿಸಿಕೊಂಡು ಹೊರಟಳು. ಗಿರಣಿಯ ಗೇಟಿನ ಬಳಿ ಗುಲ್ಶನ ತೌಡಿನ ದೂಳಲ್ಲಿ ಬೆಳ್ಳಗಾಗಿ ನಿಂತಿದ್ದಳು.

“ಅಸ್ಲಮಣ್ಣ ಹೆಂಗದಾನ ತಂಗಿ?”

“ಹೋಗಿ ನಾಕ ತಿಂಗಳಾತಕ್ಕ. ಡಯಾಲಿಸಿಸ್ ಬಿಟ್ಟಿ ಇತ್ತು. ಬಸ್ಸಿಂದು, ಆಟೋದ್ದು ರೊಕ್ಕ ನಾ ಹೊಲಿಗಿ ಮಾಡಿ ತರತಿದ್ದೆ.”

ಕಳಕಮ್ಮ ಗಾಡಿಯ ಕಡೆ ಕೈ ತೋರಿಸಿದಳು. “ತಪ್ಪಾತ ತಂಗಿ. ಮಿಷನ್ ತಂದೀನಿ. ನನಗ ಕಾನೂನ ಗೊತ್ತಿರಲಿಲ್ಲ.”

ಗುಲ್ಶನ ಗಾಡಿಯ ಕಡೆ ಒಮ್ಮೆ ನೋಡಿದಳು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಕಳಕಮ್ಮ ತಡೆದುಕೊಳ್ಳುತ್ತಿದ್ದಳು.

“ಆ ಬಿಸಲಾಗ ನಿಮಗ ನೀರ ಕೊಡು ಅಂತ ನನಗ ಯಾವ ಕಾನೂನ ಹೇಳಿತ್ತಕ್ಕ?” ಎಂದಳು. “ಅದನ್ನ ಒಯ್ಯಿ. ನಿನ್ನ ಮನಿಯಾಗ ಇರಲಿ.”

ಮಿಷನ್ನು ಅದೇ ಗಾಡಿಯಲ್ಲಿ ತಿರುಗಿ ಬಂತು. ಕಳಕಮ್ಮ ತಿಂಗಳಿಗೊಮ್ಮೆ ಅದಕ್ಕೆ ಎಣ್ಣೆ ಬಿಡುತ್ತಾಳೆ. ಮಂಗಳವಾರ ಜಮಖಾನ ಹಾಸುವ ಮೊದಲು ಹೊದಿಸಿದ ಸೀರೆಯನ್ನು ತೆಗೆದಿಡುತ್ತಾಳೆ. ಬಾಗಿಲು ತೆರೆದಿರುವುದರಿಂದ ಅಂಗಳದಲ್ಲಿ ಕೂತ ಒಂಬತ್ತು ಮಂದಿಗೂ ಅದು ಕಾಣುತ್ತದೆ. ಯಾರದಾದರೂ ಕಂತು ತಪ್ಪಿದರೆ ಈಗ ಒಬ್ಬರೂ ಎದ್ದು ಹೋಗಿ ಯಾರ ಕಟ್ಟೆಯ ಮೇಲೂ ಕೂರುವುದಿಲ್ಲ.