ನನ್ನ ಮಾತು ಕೇಳಿಸಿಕೊಂಡ ವೈರಿಂಗ್ ಚಾಚಾ

ಅವರ ಅಂಗಿಯ ಮುಂಭಾಗ ಜರಡಿಯಂತಿತ್ತು. ಬ್ಯಾಟರಿಯ ಆಸಿಡ್ ಸಿಡಿದು ಸಿಡಿದು ಸಾಸಿವೆಯಷ್ಟು, ಕಡಲೆಯಷ್ಟು ತೂತುಗಳು. ಒಳಗಿನ ಬನಿಯನ್ನಿಗೂ ಅದೇ ಗತಿ. ಮಂಡಕ್ಕಿ ತಿನ್ನುವಾಗ ಪೊಟ್ಟಣಕ್ಕೆ ಕೈ ಹಾಕುತ್ತಿರಲಿಲ್ಲ. ಹಳೆಯ ಪೋಸ್ಟ್‌ಕಾರ್ಡೊಂದನ್ನು ಮಡಿಚಿ, ಅದರಲ್ಲೇ ಮೊಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಸಿಡ್ ಮುಟ್ಟಿದ ಕೈಯನ್ನು ಎಷ್ಟು ತೊಳೆದರೂ ಅವರಿಗೆ ನಂಬಿಕೆಯಿಲ್ಲ.

ಚನ್ನಗಿರಿಯ ಬಸ್ ನಿಲ್ದಾಣದ ಹಿಂದೆ ಅವರದೊಂದು ತಗಡಿನ ಅಂಗಡಿ. ಲಾರಿ, ಜೀಪುಗಳ ಕರೆಂಟಿನ ಕೆಲಸವೆಲ್ಲ ಅಲ್ಲಿ ಆಗುತ್ತಿತ್ತು. ಊರಿಗೆಲ್ಲ ಅವರು ವೈರಿಂಗ್ ಚಾಚಾ. ಗಾಡಿ ಬಂದ ಕೂಡಲೇ ಬಾನೆಟ್ ಎತ್ತುವ ಜಾಯಮಾನ ಅವರದಲ್ಲ. ತಲೆಕೆಳಗಾದ ಡಬ್ಬದ ಮೇಲೆ ಕೂತು, ಕಣ್ಣು ಮುಚ್ಚಿ, ಬಂದವರು ಹೇಳುವುದನ್ನೆಲ್ಲ ಮೊದಲು ಕೇಳುತ್ತಿದ್ದರು. ಲಾರಿ ಡ್ರೈವರೊಬ್ಬ ಹಾರನ್ ಒಮ್ಮೊಮ್ಮೆ ಕೂಗುವುದಿಲ್ಲ ಎಂದರೆ, ಎಡಕ್ಕೆ ತಿರುಗಿಸುವಾಗಲೋ ಬಲಕ್ಕೋ ಎಂದು ಕೇಳುವರು. ಗೊತ್ತಿಲ್ಲವೆಂದರೆ, ನೋಡಿಕೊಂಡು ನಾಳೆ ಬಾ ಎಂದು ಕಳಿಸಿಬಿಡುವರು. "ಗಾಡಿ ಸುಳ್ಳು ಹೇಳಲ್ಲ. ಕೇಳಾಕೆ ನಮಗೆ ಪುರುಸೊತ್ತಿಲ್ಲ" ಎನ್ನುವುದು ಅವರ ಮಾತು.

ನಾನು ಅವರನ್ನು ಕಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನಮ್ಮದು ನ್ಯಾಮತಿಯಲ್ಲಿ ಪಾತ್ರೆ ವ್ಯಾಪಾರ. ನನ್ನ ಗಂಡ ಒಂದು ಹಳೆಯ ಪಿಕಪ್ ಗಾಡಿ ಕೊಂಡಿದ್ದರು. ಹಿಂದೆ ಕೊಡ, ತಪ್ಪಲೆ, ಬೋಗುಣಿ ತುಂಬಿಕೊಂಡು ಇಬ್ಬರೂ ಸಂತೆಯಿಂದ ಸಂತೆಗೆ ಹೋಗುತ್ತಿದ್ದೆವು. ಅವರು ಓಡಿಸುವುದು, ನಾನು ಪಕ್ಕದಲ್ಲಿ ಕೂರುವುದು. ಆಗ ನಾನು ಐದು ತಿಂಗಳ ಬಸುರಿ. ಮೊದಲಿನದು ಮೂರು ತಿಂಗಳಿಗೇ ಹೋಗಿತ್ತು.

ಒಂದು ದಿನ ಹೊನ್ನಾಳಿ ಸೇತುವೆಯ ಮೇಲೆ ಎತ್ತಿನ ಗಾಡಿಗಳ ಹಿಂದೆ ನಿಂತು ನಿಂತು ಸಾಗುವಾಗ ನಾನು ಕೂತ ಸೀಟು ಬಿಸಿಯಾಯಿತು. ಬಿಸಿಲಿನ ಬಿಸಿಯಲ್ಲ, ಒಲೆಯ ಪಕ್ಕದ ಕಟ್ಟೆಯಂಥ ಬಿಸಿ. ಗಂಡನಿಗೆ ಹೇಳಿದೆ. ಅವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ನನ್ನನ್ನು ಇಳಿಸಿ, ತಾವೇ ಕೂತು ನೋಡಿದರು. ಸ್ವಲ್ಪ ಬೆಚ್ಚಗಿದೆ, ನೀನು ಕೂತಿದ್ದಕ್ಕೆ ಎಂದರು. ಮತ್ತೆ ಎರಡು ವಾರ ಏನೂ ಇಲ್ಲ. ಆಮೇಲೆ ನಲ್ಲೂರಿನ ಸಂತೆಯ ಜನದ ನಡುವೆ ಹಾಗೇ ಆಯಿತು. ಇಳಿದು ಮುಟ್ಟಿ ನೋಡುವಷ್ಟರಲ್ಲಿ ಬಿಸಿ ಇಳಿದಿರುತ್ತಿತ್ತು.

ಅತ್ತೆ ಇದು ಬಸುರಿನ ಉಷ್ಣವೆಂದು ತೀರ್ಮಾನಿಸಿದರು. ನೆತ್ತಿಗೆ ಹರಳೆಣ್ಣೆ, ಹೊತ್ತು ಹೊತ್ತಿಗೆ ಜೀರಿಗೆ ನೀರು. ಹೊನ್ನಾಳಿಯ ಡಾಕ್ಟರಮ್ಮ ಜ್ವರವಿಲ್ಲ ಎಂದರು. ಮೂರನೆಯ ಸಲವೂ ಹಾಗಾದಾಗ ನಾನು ಬಾಯಿ ಬಿಡಲಿಲ್ಲ. ಗೋಣಿಚೀಲ ಮಡಿಚಿ ಹಾಕಿಕೊಂಡು ಸೀಟಿನ ಅಂಚಿಗೆ ಕೂರತೊಡಗಿದೆ. ಬಿಸಿ ಸೀಟಿನದಲ್ಲ, ನನ್ನ ಒಡಲಿನದೇ, ಈ ಕೂಸೂ ನಿಲ್ಲುವುದಿಲ್ಲ ಎಂಬ ಹೆದರಿಕೆ ಒಳಗೆ ಕೂತುಬಿಟ್ಟಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಬ್ಯಾಟರಿ ಚಾರ್ಜ್ ಮಾಡಿಸಲೆಂದು ಚನ್ನಗಿರಿಯಲ್ಲಿ ಚಾಚಾರ ಅಂಗಡಿಯ ಮುಂದೆ ನಿಂತೆವು. ಬ್ಯಾಟರಿಗೆ ಕೈ ಹಚ್ಚುವ ಮೊದಲು ಅವರು ನನ್ನನ್ನು ನೋಡಿ, ಅಷ್ಟು ಅಂಚಿಗೆ ಯಾಕೆ ಕೂತಿದ್ದೀರಿ ಎಂದು ಕೇಳಿದರು. ನನ್ನ ಗಂಡ ನಕ್ಕು, ಅವಳಿಗೆ ಮೈ ಉಷ್ಣ ಎಂದರು.

ಚಾಚಾ ನಗಲಿಲ್ಲ. "ನೀವು ಗಾಡಿ ಓಡಿಸೋರು. ಅಲ್ಲಿ ಕೂರೋರು ಇವರು. ಇವರನ್ನ ಕೇಳ್ತೀನಿ" ಎಂದು ನನ್ನ ಕಡೆ ತಿರುಗಿ, ಡಬ್ಬದ ಮೇಲೆ ಕೂತು ಕಣ್ಣು ಮುಚ್ಚಿದರು.

ನಾನು ಹೇಳಿದೆ. ಎಲ್ಲೆಲ್ಲಿ ಎಂದು ಕೇಳಿದರು. ಸೇತುವೆ, ಸಂತೆ ಬೀದಿ, ತ್ಯಾವಣಿಗೆಯಲ್ಲಿ ಕುರಿಮಂದೆ ಅಡ್ಡ ಬಂದಿದ್ದು, ಒಂದೊಂದೇ ನೆನಪಿಸಿಕೊಂಡೆ. ಎಲ್ಲಿ ಆಗಿಲ್ಲ ಎಂದರು. ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಜಗಳೂರಿಗೆ, ಸೊಕ್ಕೆಯ ಕಡೆಗೆ ಹೋದಾಗ ಒಮ್ಮೆಯೂ ಆಗಿಲ್ಲ ಎಂದೆ. ಬಟ್ಟ ಬಯಲ ದಾರಿ, ಎದುರಿಗೆ ಒಂದು ನರಪಿಳ್ಳೆ ಇರುತ್ತಿರಲಿಲ್ಲ.

ಅವರು ಕಣ್ಣು ತೆರೆದರು. ಗೋಣಿಚೀಲ ತೆಗೆದು, ನನ್ನ ಜಾಗದಲ್ಲಿ ತಾವು ಕೂತು, ನನ್ನ ಗಂಡನಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿದರು. ನಾನು ಹೊರಗೆ ಗೋಡೆಗೊರಗಿ ನಿಂತಿದ್ದೆ. ಹೊತ್ತು ಸರಿಯಿತು. ಗಂಡನ ಕಾಲು ನಡುಗತೊಡಗಿತು. ಬಿಡಬೇಡಿ ಎಂದರು. ಏನೂ ಆಗಲಾರದು, ಇವರೂ ಉಷ್ಣವೆಂದೇ ಹೇಳುತ್ತಾರೆ ಎಂದುಕೊಂಡು ನಾನು ನೆಲ ನೋಡುತ್ತಿದ್ದೆ.

"ಐತಮ್ಮಾ," ಎಂದರು ಚಾಚಾ. "ಬಿಸಿ ಐತೆ. ನೀವು ಹೇಳಿದ್ದು ನಿಜ."

ಬ್ಯಾಟರಿಯ ತಂತಿ ಬಿಚ್ಚಿಟ್ಟು ಸೀಟು ಎತ್ತಿದರು. ಒಳಗಿನ ತೆಂಗಿನ ನಾರು ಅಂಗೈಯಗಲ ಕಪ್ಪಾಗಿತ್ತು. ಹಿಂದಿನ ಬ್ರೇಕ್ ದೀಪಕ್ಕೆ ಹೋಗುವ ವೈರು ಸೀಟಿನ ಕೆಳಗೇ ಹಾದಿತ್ತು. ಅದರ ಸಿಪ್ಪೆ ಸವೆದಿತ್ತು. ಮೇಲೆ ಯಾರಾದರೂ ಕೂತರೆ ತುಕ್ಕು ಹಿಡಿದ ಸ್ಪ್ರಿಂಗು ಅದಕ್ಕೆ ತಾಗುತ್ತಿತ್ತು. ಬ್ರೇಕ್ ತುಳಿದಾಗ ಮಾತ್ರ ಅದರಲ್ಲಿ ಕರೆಂಟು. ಎರಡೂ ಕೂಡಿದಾಗ ಸ್ಪ್ರಿಂಗು ಕಾದು ಬಿಸಿಯಾಗುತ್ತಿತ್ತು. ಗಂಡ ನನ್ನ ಜಾಗದಲ್ಲಿ ಕೂತು ಪರೀಕ್ಷೆ ಮಾಡುವಾಗ ಬ್ರೇಕಿನ ಮೇಲೆ ಯಾರ ಕಾಲೂ ಇರುತ್ತಿರಲಿಲ್ಲ.

ಫ್ಯೂಸು ಯಾಕೆ ಹೋಗಲಿಲ್ಲ ಎಂದು ಚಾಚಾ ನೋಡಿದರೆ, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ. ಪದೇ ಪದೇ ಸುಡುತ್ತಿತ್ತೆಂದು ತಾವೇ ಸುತ್ತಿದ್ದಾಗಿ ನನ್ನ ಗಂಡ ಒಪ್ಪಿಕೊಂಡರು. "ಅದು ಕೂಗಿ ಹೇಳ್ತಿತ್ತು. ನೀವು ಬಾಯಿ ಕಟ್ಟಿದ್ರಿ" ಎಂದರು ಚಾಚಾ, ಬೈಗುಳವಿಲ್ಲದ ದನಿಯಲ್ಲಿ.

ನಾನು ಅಲ್ಲೇ ಡಬ್ಬದ ಮೇಲೆ ಕೂತು ಅತ್ತುಬಿಟ್ಟೆ. ಅಳುತ್ತಲೇ ನಗು ಬಂತು. ನನ್ನ ಮೈಯಲ್ಲಿ ಏನೂ ಕೆಟ್ಟಿಲ್ಲ, ಕೆಟ್ಟದ್ದು ಒಂದು ಮೊಳ ವೈರು. ಗಂಡ ಬಕೆಟ್ಟಿನಿಂದ ನೀರು ತಂದು ಕರಕಲಾದ ನಾರಿನ ಮೇಲೆ ಸುರಿಯುತ್ತಲೇ ಇದ್ದರು. ಚಾಚಾ ಹೊಸ ವೈರೆಳೆದು, ಸರಿಯಾದ ಫ್ಯೂಸು ಹಾಕಿಕೊಟ್ಟರು. ಆವತ್ತು ಹೊನ್ನಾಳಿಯವರೆಗೆ ಸೀಟಿಗೆ ಪೂರಾ ಒರಗಿ ನಿದ್ದೆ ಮಾಡಿದೆ.

ದಿನ ತುಂಬಿ ಮಗಳು ಹುಟ್ಟಿದಳು. ಮೂರು ತಿಂಗಳಾದ ಮೇಲೆ ಕರೆದೊಯ್ದು ತೋರಿಸಿದೆವು. ಚಾಚಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ.

ಅವರು ತೀರಿಕೊಂಡದ್ದು ಮಗಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ. ಸುದ್ದಿ ತಡವಾಗಿ ತಿಳಿಯಿತು. ಮೂವರೂ ಅವರ ಮನೆಗೆ ಹೋದೆವು. ಒಳಕೋಣೆಯಲ್ಲಿದ್ದ ಅವರ ಹೆಂಡತಿ ಚಾಚಿಗೆ, ನಾವು ನ್ಯಾಮತಿಯ ಪಾತ್ರೆಯವರು ಎಂದೆ. ಆಕೆ ನನ್ನನ್ನು ದಿಟ್ಟಿಸಿ, "ಸೀಟು ಬಿಸಿ ಆಗತೈತೆ ಅಂದೋರು ನೀವೇನಾ?" ಎಂದು ಕೇಳಿ, ಕೈ ಹಿಡಿದು ಕೂರಿಸಿಕೊಂಡರು.

ನಮ್ಮ ಸೀಟು ಎತ್ತಿ ನೋಡಿದ ದಿನ ಚಾಚಾ ಮನೆಗೆ ಬಂದವರು ಊಟಕ್ಕೆ ಕೂರಲಿಲ್ಲವಂತೆ. ಆ ಹುಡುಗಿ ಎರಡು ತಿಂಗಳಿಂದ ಹೇಳುತ್ತಿದ್ದಳಂತೆ, ಒಬ್ಬರೂ ಸೀಟು ಎತ್ತಿ ನೋಡಿರಲಿಲ್ಲ ಎಂದರಂತೆ. ಚಾಚಿಗೆ ವರ್ಷದಿಂದ ಪಕ್ಕೆಯಲ್ಲಿ ನೋವು. ಹೇಳಿದಾಗಲೆಲ್ಲ ವಾಯು ಎಂದು ಅವರೂ ತಳ್ಳಿಹಾಕಿದ್ದರು.

"ನನ್ನ ಎದುರಿಗೆ ಕೂತು, ನಿಂಗೆ ಎಲ್ಲಿ ನೋವು, ಯಾವಾಗ ಬರತೈತೆ, ಹೇಳು ಅಂದ್ರು. ಮಾರನೇ ದಿನ ಅಂಗಡಿ ತೆಗೀಲಿಲ್ಲ. ದಾವಣಗೆರೆಗೆ ಕರ್ಕೊಂಡು ಹೋದ್ರು. ಕಲ್ಲು ಇತ್ತಮ್ಮಾ, ತೆಗೆದ್ರು. ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಕಷ್ಟ ಇತ್ತಂತೆ."

ಚಾಚಿ ನನ್ನ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ನನ್ನ ಮಗಳನ್ನು ಹತ್ತಿರಕ್ಕೆಳೆದು, ತಲೆ ಸವರಿ, ಎರಡೂ ಕೆನ್ನೆ ಹಿಡಿದು ಮುತ್ತಿಟ್ಟರು.