ಹುಮನಾಬಾದಿನ ಬಿಸಿಲಲ್ಲಿ ಚಳಿ

ಹುಮನಾಬಾದಿನ ಜನ ಬೇಸಿಗೆಯಲ್ಲಿ ನೆರಳು ಹುಡುಕುತ್ತಿದ್ದರೆ, ನಾನು ಮೈಸೂರಿನಿಂದ ತಂದ ಶಾಲು ಹೊದ್ದು ಬಿಸಿಲಿನಲ್ಲಿ ಕೂತಿರುತ್ತಿದ್ದೆ. ನೋಡಿದವರು ಹುಚ್ಚಿ ಅಂದುಕೊಂಡಿರಬೇಕು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನನ್ನ ಗಂಡ ಇಲ್ಲಿನ ಕನ್ನಡ ಶಾಲೆಗೆ ಮೇಷ್ಟ್ರಾಗಿ ಬಂದರು, ಹಿಂದೆಯೇ ನಾನೂ ಬಂದೆ.

ಊರು ಹಿಡಿಸಲಿಲ್ಲ. ಮೈಸೂರಿನಲ್ಲಿ ಎರಡು ಹೊತ್ತೂ ಅನ್ನ, ಇಲ್ಲಿ ಜೋಳದ ರೊಟ್ಟಿ. ನಮ್ಮ ಆಸ್ಪತ್ರೆ ಇಲ್ಲಿ ದವಾಖಾನೆ, ಆರೋಗ್ಯ ಇಲ್ಲಿ ತಬಿಯತ್ತು. ನಾನೋ ಒಂದು ಕಡೆ ಕೂರುವ ಜೀವವಲ್ಲ. ಅಂಥವಳಿಗೆ ಒಂದು ಕೊಡ ನೀರು ತರುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಊಟ ಸೇರದಿದ್ದರೂ ಮೈ ಊದುತ್ತಿತ್ತು, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು, ದನಿ ದಪ್ಪಗಾಗಿತ್ತು. ಎಲ್ಲಕ್ಕೂ ಈ ಊರಿನ ನೀರನ್ನೇ ಬೈದೆ.

ಮುಟ್ಟೂ ನಿಂತಾಗ ಮನೆಯೊಡತಿ ಗುರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರನ್ನು ನಾನು ಕಾಕು ಎನ್ನುತ್ತಿದ್ದೆ, ಇಲ್ಲಿ ಚಿಕ್ಕಮ್ಮನಂಥವರಿಗೆ ಹಾಗೆನ್ನುತ್ತಾರೆ.

"ಮೈ ತುಂಬ್ಯಾದ, ನಿದ್ದಿ ಬರಾಕತ್ತದ, ಉಣ್ಣಾಕ ಒಲ್ಲೆ ಅಂತಿ. ಇನ್ನೇನು ಕೇಳೂದದ?"

ಮದುವೆಯಾಗಿ ಇಷ್ಟು ವರ್ಷ ಮಕ್ಕಳಿಲ್ಲದ ನನಗೆ ನಂಬಲು ಆ ಮಾತೇ ಸಾಕಾಯಿತು. ಮುಂದಿನ ವಾರವೇ ಕಳ್ಳ ಕುಬಸ ಮಾಡಿದರು. ಬಸುರಿಯ ಮೊದಲ ತಿಂಗಳುಗಳಲ್ಲಿ ಊರಿಗೆಲ್ಲ ಸಾರದೆ ಹೆಂಗಸರೇ ಸೇರಿ ಮಾಡುವ ಶಾಸ್ತ್ರವದು. ಹಸಿರು ಬಳೆ ಇಡಿಸಿದರು, ಹೋಳಿಗೆ ಉಣಿಸಿದರು. ಪಕ್ಕದ ಮನೆಯ ಬಾನು ಆಪಾ ಖೀರು ತಂದರು. ಅಲ್ಲಿಯತನಕ ಬರೀ 'ಮಾಸ್ತರ ಹೇಣ್ತಿ'ಯಾಗಿದ್ದ ನನ್ನನ್ನು ಅವತ್ತು ಎಲ್ಲರೂ ಹೆಸರು ಹಿಡಿದು ಕರೆದರು. ಸಂತೋಷಕ್ಕೆ ಅತ್ತುಬಿಟ್ಟೆ.

ದಿನ ಕಳೆದರೂ ಹೊಟ್ಟೆ ಮುಂದೆ ಬರಲಿಲ್ಲ, ಊದಿದ್ದು ಮುಖ ಮತ್ತು ಕತ್ತು. ಕಾಕುವಿನ ಜೊತೆ ಹತ್ತಿರದ ಊರಾದ ಕಲ್ಯಾಣದ ದವಾಖಾನೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಕತ್ತು ಒತ್ತಿ ನೋಡಿ, ಚಳಿ, ಕೂದಲು, ದನಿ, ಎಲ್ಲವನ್ನೂ ವಿಚಾರಿಸಿದರು.

"ಬಸರಲ್ಲವ್ವ. ಕುತ್ತಿಗ್ಯಾಗಿನ ಗ್ರಂಥಿ ಕೆಲಸ ಮಂದ ಆಗ್ಯಾದ. ಒಂದೊಂದೇ ನೋಡಿದ್ರ ದಣಿವು ಅನಸ್ತದ. ಎಲ್ಲಾ ಕೂಡಿ ಬಂದ್ರ ತೋರಿಸಬೇಕು."

ಊರಿಗೆ ಮರಳುವ ಬಸ್ಸು ಹತ್ತಿದೆವು. ಮಗು ಹೋಯಿತು ಎನ್ನಲೂ ಆಗದು, ಇದ್ದರೆ ತಾನೇ ಹೋಗುವುದು? ಇನ್ನು ಆ ಹೆಂಗಸರ ಮುಖ ಹೇಗೆ ನೋಡಲಿ ಎಂದು ಹಸಿರು ಬಳೆ ತೆಗೆಯಹೋದೆ. ಕಾಕು ಕೈ ಹಿಡಿದರು.

"ಇರಲಿ ಬಿಡು. ನಿನ್ನ ಕೈಗಿ ಇಡಿಸೀವಿ, ಕೂಸಿನ ಕೈಗಲ್ಲ."

ಗುಳಿಗೆ ನುಂಗುತ್ತ ವರ್ಷ ಕಳೆಯಿತು. ಮರುಬೇಸಿಗೆಯ ಒಂದು ಮಧ್ಯಾಹ್ನ ಶಾಲು ಅತ್ತ ಎಸೆದು, "ಏನು ಸುಡು ಬಿಸಿಲು ಕಾಕು, ತಡೆಯೋಕಾಗಲ್ಲ" ಎಂದೆ. ರೊಟ್ಟಿ ಬಡಿಯುತ್ತಿದ್ದ ಕಾಕು ಕೈ ನಿಲ್ಲಿಸಿ ನಕ್ಕರು.

"ಈಗ ನಮ್ಮೂರಾಕಿ ಆದಿ ನೋಡು."

ಇದನ್ನು ಮೈಸೂರಿನ ತವರಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಎಲ್ಲರೂ ಜಗುಲಿಯಲ್ಲಿ ಹಾಯಾಗಿ ಕೂತಿದ್ದಾಗ ನನ್ನ ಮೈ ನಡುಗಿತು. ಅಮ್ಮ ಗಾಬರಿಯಿಂದ ನನ್ನ ಕತ್ತು ಮುಟ್ಟಿ ನೋಡಿದರು. ಕತ್ತು ಸರಿಯಾಗಿಯೇ ಇತ್ತು, ಗುಳಿಗೆಯೂ ತಪ್ಪಿಸಿರಲಿಲ್ಲ. ಹುಟ್ಟಿದ ಊರೇ ನನಗೆ ಚಳಿಯಾಗುತ್ತಿದೆ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಶಾಲು ಕೇಳಿ ಹೊದ್ದುಕೊಂಡೆ.