ನಳದ ಮುಂದೆ ಅತ್ತೆ ಹೇಳಿದ ಹೆಸರು

ಬೆಳಗಿನ ರೊಟ್ಟಿ ಬಡಿಯುತ್ತಿದ್ದೆ. ಹೊಟ್ಟೆನೋವೇನೂ ಇರಲಿಲ್ಲ, ಬರೀ ಗುಳುಗುಳು ಸದ್ದು. ಒಂದೆರಡು ಸಲ ಪಾಯಖಾನೆಗೆ ಹೋಗಿ ಬಂದೆ. ಆಮೇಲೆ ಕೂತಲ್ಲಿಂದ ಏಳಲಾಗಲಿಲ್ಲ. ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿತ್ತು. ಕಾಲಿನ ಮೀನಖಂಡಗಳು ಸೆಟೆದು ಗಂಟು ಕಟ್ಟಿದವು. ಅತ್ತೆ ಕೈ ಹಿಡಿದು ನೋಡಿದರು. ನನ್ನ ಬೆರಳುಗಳು ಅವರ ಬೆರಳಿಗಿಂತ ಹೆಚ್ಚು ಸುಕ್ಕುಗಟ್ಟಿದ್ದವು.

ಬೀದರಿನ ಹಳೆಯ ಓಣಿ ನಮ್ಮದು. ಗೋಡೆಗೆ ಗೋಡೆ ಹತ್ತಿದ ಮನೆಗಳು, ಮುಂದೆ ಚರಂಡಿ, ಎಲ್ಲರಿಗೂ ಒಂದೇ ನಳ. ಆಟೋ ಒಳಗೆ ಬರುವುದಿಲ್ಲ. ಗಂಡ ನನ್ನನ್ನು ಎತ್ತಿಕೊಂಡೇ ರಸ್ತೆಯವರೆಗೆ ನಡೆದರು.

ಆಸ್ಪತ್ರೆಯಲ್ಲಿ ಎರಡೂ ಕೈಗೆ ಸಲೈನ್ ಹಚ್ಚಿದರು. ಡಾಕ್ಟರಮ್ಮನ ಮಾತು ಕಡಿಮೆ.

"ಕಾಲರಾ ಇದ್ದಂಗದ. ಟೆಸ್ಟಿಗಿ ಕಳಸ್ತೇವಿ. ಕುಡಿಯೋ ನೀರು ಎಲ್ಲಿದು?"

ನಳದ್ದು. ಓಣಿಯವರೆಲ್ಲ ಕುಡಿಯುವುದು ಅದನ್ನೇ.

ಗಂಡ ಅತ್ತೆಗೆ ಮೆಲ್ಲಗೆ ಹೇಳಿದರು. "ಅವ್ವಾ, ಓಣ್ಯಾಗ ಕಾಲರಾ ಅನ್ಬ್ಯಾಡ. ಹೊಟ್ಟಿ ಕೆಟ್ಟದ ಅನ್ನು. ಭಾಲ್ಕಿಯವ್ರು ಮುಂದಿನ ವಾರ ನಿಶ್ಚಯಕ್ಕ ಬರ್ತಾರ."

ಭಾಲ್ಕಿಯವರ ಮನೆಗೆ ನಾದಿನಿ ಮಹಾದೇವಿಯ ಮದುವೆ ಮಾತು ಬಹಳ ಕಷ್ಟದಿಂದ ಕೂಡಿಬಂದಿತ್ತು. ಗಂಡನ ಅಂಜಿಕೆ ನನಗೆ ತಿಳಿಯುತ್ತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಅತ್ತೆ ನನ್ನ ಕುಳಿಬಿದ್ದ ಕಣ್ಣುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಮುಂದಿನದನ್ನು ಹೇಳಿದ್ದು ಮಹಾದೇವಿ. ನಳಕ್ಕೆ ನೀರು ಬಿಟ್ಟಿದ್ದರು. ಕೊಡಗಳ ಸಾಲಿನ ನಡುವೆ ಅತ್ತೆ ನಿಂತರಂತೆ.

"ನಮ್ಮ ಸೊಸಿಗಿ ಕಾಲರಾ ಆಗ್ಯದರಿ. ಈ ನೀರು ಹಂಗೇ ಕುಡಿಬ್ಯಾಡ್ರಿ, ಕುದಿಸಿ ಕುಡೀರಿ. ಯಾರಿಗರ ಜುಲಾಬು ಹತ್ತಿದ್ರ ಮುಚ್ಚಿಡಬ್ಯಾಡ್ರಿ, ದವಾಖಾನಿಗಿ ಹೋಗ್ರಿ."

"ನಿಮ್ಮ ಮನ್ಯಾಗ ಏನ್ ತಿಂದೀರೋ. ನೀರಿಗ್ಯಾಕ ಹೆಸರಿಡ್ತೀರಿ?" ಎಂದಳು ಒಬ್ಬಳು. ಅತ್ತೆ ಜಗಳಕ್ಕೆ ನಿಲ್ಲದೆ ಮನೆಮನೆಯ ಬಾಗಿಲಿಗೆ ಹೋಗಿ ಅದನ್ನೇ ಹೇಳಿದರಂತೆ.

ಸಂಜೆ ನನ್ನ ಪಕ್ಕದ ಹಾಸಿಗೆ ತುಂಬಿತು.

ಎದುರುಮನೆ ಶಕೀಲಾಬಿಯ ಮಗಳು ರೇಷ್ಮಾ. ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿಯ ಸಂಕಟವೆಂದುಕೊಂಡು ಮನೆಯಲ್ಲೇ ಮಲಗಿಸಿದ್ದರಂತೆ. ಇನ್ನೂ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಶಕೀಲಾಬಿ ನನ್ನ ಕಾಲ ಬಳಿ ಕೂತರು. "ನಿಮ್ಮ ಅತ್ತಿ ಹೇಳಿದ್ಕ ಕರ್ಕೊಂಡು ಬಂದೇವ್ರಿ," ಎಂದಷ್ಟೇ ಹೇಳಿ ಮುಖ ಮುಚ್ಚಿಕೊಂಡರು.

ಆಮೇಲೆ ಓಣಿಗೆ ಟ್ಯಾಂಕರ್ ಬಂತು. ಕ್ಲೋರಿನ್ ಗುಳಿಗೆ ಹಂಚಿದರು. ನೆಲ ಅಗೆದಾಗ ಚರಂಡಿಯ ಕೆಳಗೆ ಪೈಪ್ ಒಡೆದದ್ದು ಕಂಡಿತು.

ಈಗ ಮನೆಯಲ್ಲಿದ್ದೇನೆ. ಗೋಡೆ ಹಿಡಿದು ನಡೆಯುತ್ತೇನೆ. ರೇಷ್ಮಾಳ ಹೊಟ್ಟೆಯಲ್ಲಿ ಕೂಸು ಮಿಸುಕಾಡುತ್ತಿದೆ. ಭಾಲ್ಕಿಯವರು ಬರಲಿಲ್ಲ, ಫೋನನ್ನೂ ಎತ್ತುತ್ತಿಲ್ಲ. ಗಂಡ ಅತ್ತೆಯ ಜೊತೆ ಈಚೆಗೆ ಮತ್ತೆ ಮಾತಾಡತೊಡಗಿದ್ದಾರೆ.

ನಿನ್ನೆ ಮಹಾದೇವಿಯ ತಲೆ ಬಾಚುತ್ತ, "ನನ್ನಿಂದ ನಿನಗ ಹಿಂಗಾಯ್ತು," ಎಂದೆ.

ಆಕೆ ತಿರುಗಲಿಲ್ಲ. "ಅದೇ ನೀರು ನಾನೂ ಕುಡಿದಿದ್ದೆ ವೈನಿ. ತಲಿ ಬಾಚ್ಲಿಕ್ಕ ನೀವು ಅದೀರಿ, ಬಾಚಿಸ್ಕೊಳ್ಳಿಕ್ಕ ನಾನು ಅದೇನಿ. ಸಾಕು ಬಿಡ್ರಿ."